ಒಂಬತ್ತು ಗುರುವಾರದ ಗಡಿಯಾರ

ಸೆಕೆಂಡಿನ ಮುಳ್ಳು ಹಾರಿಹೋದದ್ದು ಹಯವದನನಿಗೆ ಟವೆಲು ಕಾಣದಿದ್ದ ಕಾರಣಕ್ಕೆ.

ಟವೆಲು ಬಚ್ಚಲಮನೆಯ ಬಾಗಿಲ ಹಿಂದಿನ ಗೂಟದಲ್ಲೇ ಇತ್ತು. ಟಾಲಿಗಂಜ್‌ನ ಈ ಮೂರನೇ ಮಹಡಿಯ ಮನೆಗೆ ಬಂದಾಗಿನಿಂದ ಅದರ ಜಾಗ ಅದೇ. ಆದರೂ ಒಳಗಿಂದ ಗಂಡನ "ಸುಲೂ, ಟವೆಲ್" ಎಂಬ ಕೂಗು ಬಂತು. ಆ ಗಳಿಗೆಯಲ್ಲಿ ಸುಲೋಚನಾ ಊಟದ ಮೇಜಿಗೆ ಎರಡೂ ಮೊಣಕೈ ಊರಿ, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ಕೂತಿದ್ದಳು. ಚಿಮುಟದ ತುದಿಯಲ್ಲಿ ಕೂದಲಿನಷ್ಟು ಸಪೂರವಾದ ಮುಳ್ಳು. ಡಯಲಿನ ನಟ್ಟನಡುವೆ ಅದು ಕೂರಬೇಕಾದ ಮೊಳೆ, ಸಾಸಿವೆಕಾಳಿಗಿಂತಲೂ ಚಿಕ್ಕದು. ಗಂಟೆಯ ಮುಳ್ಳು ಕೂತಿತ್ತು, ನಿಮಿಷದ ಮುಳ್ಳು ಕೂತಿತ್ತು. ಇದೊಂದು ಕೂತರೆ ಗಡಿಯಾರ ಮುಗಿದಂತೆ. ಏಪ್ರಿಲ್ ತಿಂಗಳ ಕೊಲ್ಕತ್ತದಲ್ಲಿ ಫ್ಯಾನು ಆರಿಸಿ ಕೂತಿದ್ದಳು. ಹಣೆಯ ಬೆವರು ಡಯಲಿನ ಮೇಲೆ ತೊಟ್ಟಿಕ್ಕದಂತೆ ತಲೆಗೆ ಕರವಸ್ತ್ರ ಬಿಗಿದಿದ್ದಳು.

ಕೂಗಿಗೆ ಅವಳು ಏಳಬೇಕು ಅಂದುಕೊಳ್ಳಲಿಲ್ಲ. ಮೈ ತಾನೇ ಎದ್ದಿತು. ಮುಳ್ಳು ಚಿಮುಟದಿಂದ ಚಿಮ್ಮಿ ಎತ್ತಲೋ ಹೋಯಿತು.

ಮೊಸಾಯಿಕ್ ನೆಲದ ಮೇಲೆ ಮಂಡಿಯೂರಿ ಅಂಗೈಯಲ್ಲಿ ತಡವುತ್ತಿದ್ದವಳನ್ನು ನೋಡಿ ಅತ್ತೆ ಇಂದಿರಮ್ಮ ಮಂಚದಿಂದ ಇಳಿದೇ ಬಂದರು. "ಏನೇ ಬಿತ್ತು? ಮೂಗುಬೊಟ್ಟಾ?"

ಮಗಳು ಪ್ರತೀಕ್ಷಾ ಟಾರ್ಚ್ ತಂದಳು. ಅಷ್ಟರಲ್ಲಿ ಟವೆಲು ಸಿಕ್ಕಿ ಹೊರಬಂದಿದ್ದ ಹಯವದನನೂ ಬಗ್ಗಿ ಮೇಜಿನ ಕೆಳಗೆ ಇಣುಕಿದ. ಮನೆಯ ನಾಲ್ಕು ಜನ ಒಟ್ಟಿಗೆ ಒಂದು ಕೆಲಸ ಮಾಡಿದ್ದು ಯಾವ ಕಾಲವಾಗಿತ್ತೋ.

"ಮೂಗುಬೊಟ್ಟಲ್ಲ. ಗಡಿಯಾರದ ಮುಳ್ಳು."

"ಓ, ಅದಾ," ಎಂದು ಹಯವದನ ಸೊಂಟ ನೆಟ್ಟಗೆ ಮಾಡಿಕೊಂಡ. ಟಾರ್ಚ್ ಆರಿತು. ಇಂದಿರಮ್ಮ ಮಂಚಕ್ಕೆ ಹಿಂದಿರುಗುತ್ತ, "ಗಡಿಯಾರ ಬೇಕಿದ್ರೆ ಅಂಗಡೀಲಿ ಸಿಗುತ್ತಲ್ಲೇ. ಮನೇಲಿ ಯಾಕೆ ಮಾಡಬೇಕು?" ಎಂದರು.

"ಹುಳಿಪುಡೀನೂ ಅಂಗಡೀಲಿ ಸಿಗುತ್ತೆ ಅತ್ತೆ."

"ಅಂಗಡಿ ಹುಳಿಪುಡಿ ತಿಂದು ಬದುಕೋದಕ್ಕಾಗುತ್ತಾ?"

ಮೇಜಿನ ಕೆಳಗಿಂದ ಏಳುವಾಗ ಸುಲೋಚನಾಳ ಸೆರಗು ಬಿಡಿಭಾಗಗಳ ತಟ್ಟೆಯ ಅಂಚಿಗೆ ಸಿಕ್ಕಿ, ತಟ್ಟೆ, ಡಯಲು, ಯಂತ್ರ ಎಲ್ಲವೂ ನೆಲಕ್ಕೆ ಬಿದ್ದವು. ತೂಗುಚಕ್ರದ ಅಚ್ಚು ಮುರಿದಿತ್ತು. ಗಡಿಯಾರದ ಎದೆಯಲ್ಲಿ ಅತ್ತಿತ್ತ ಹೊರಳುತ್ತ ಅದನ್ನು ಬದುಕಿಸಿಡುವ ಚಕ್ರ ಅದು. ಅದು ಹೋದರೆ ಉಳಿದದ್ದೆಲ್ಲ ಬರೀ ತಗಡು. ಅವಳು ಚೂರುಗಳನ್ನು ಆರಿಸಿ ಖಾಲಿ ಹಾರ್ಲಿಕ್ಸ್ ಬಾಟಲಿಗೆ ಹಾಕಿದಳು. ಆಮೇಲೆ ದೋಸೆಗೆ ನೆನೆಹಾಕಿದಳು.

ಈ ಹುಚ್ಚು ಅವಳಿಗೆ ಹತ್ತಿ ಒಂದು ವರ್ಷವಾಗಿತ್ತು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು, ಲ್ಯಾಬಿನಲ್ಲಿ ಕೈ ನಡುಗದವಳು ಎಂದು ಹೆಸರಾದವಳು. ಮದುವೆಯಾಗಿ, ಸಾರ್ವಜನಿಕ ಉದ್ಯಮವೊಂದರಲ್ಲಿ ಇಂಜಿನಿಯರಾಗಿದ್ದ ಗಂಡನ ಹಿಂದೆ ಕೊಲ್ಕತ್ತಕ್ಕೆ ಬಂದಳು. ಆಮೇಲೆ ಸಾಫ್ಟ್‌ವೇರಿನ ಕಾಲ ಬಂತು. ಹಯವದನ ಸರಕಾರಿ ಕುರ್ಚಿ ಬಿಟ್ಟು ನ್ಯೂ ಟೌನ್‌ನ ಗಾಜಿನ ಕಟ್ಟಡವೊಂದನ್ನು ಸೇರಿದ. ಮನೆಗೆ ಲ್ಯಾಪ್‌ಟಾಪು ಬಂತು, ಬ್ರಾಡ್‌ಬ್ಯಾಂಡು ಬಂತು, ಬೆಳಿಗ್ಗೆ ಬೆಳಿಗ್ಗೆಯೇ ಸಿಡ್ನಿಯವರ ಜೊತೆ ಮಾತಾಡುವ ಫೋನ್‌ಕಾಲ್‌ಗಳೂ ಬಂದವು. ಅವನು ಕಾಲ್‌ನಲ್ಲಿದ್ದಾಗ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಕುಕ್ಕರು ಕೂಗುವ ಮುಂಚೆಯೇ ಸುಲೋಚನಾ ಒಲೆ ಸಣ್ಣ ಮಾಡಿ, ಕೂಗು ಬರುತ್ತದೆನ್ನಿಸಿದಾಗ ಕುಕ್ಕರನ್ನೇ ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಅನ್ನ ಅರ್ಧ ಬೆಂದರೆ "ಯಾಕೆ ಹೀಗಾಗಿದೆ?" ಎಂದು ಕೇಳುವವನೂ ಅವನೇ.

ಪಾತ್ರೆ ತೊಳೆಯಲು ಒಬ್ಬ ಮಾಶಿ, ಕೆಲಸದವಳು, ಬರುತ್ತಿದ್ದಳು. ಆದರೆ ಅಡಿಗೆಮನೆಯ ಪಾತ್ರೆಗಳನ್ನು ಅವಳು ಮುಟ್ಟಕೂಡದೆಂದು ಇಂದಿರಮ್ಮನ ಕಟ್ಟಪ್ಪಣೆ. ಹೀಗಾಗಿ ಮಾಶಿ ಕಾಫಿ ಲೋಟ ತೊಳೆದು ಹೋಗುತ್ತಿದ್ದಳು. ತಳ ಹತ್ತಿದ ಪಾತ್ರೆ ಸುಲೋಚನಾಗೆ.

ಒಮ್ಮೆ ಅತ್ತೆಯ ಗಡಿಯಾರದ ಪಟ್ಟಿ ಬದಲಿಸಲು ರಾಧಾಬಜಾರಿಗೆ ಹೋಗಿದ್ದಳು. ಓಣಿಯ ಉದ್ದಕ್ಕೂ ಬರೀ ಗಡಿಯಾರದ ಅಂಗಡಿಗಳು. ಅಂಗಡಿಯವನು ಬೇರೊಂದು ಗಡಿಯಾರದ ಬೆನ್ನು ಬಿಚ್ಚಿ ಇಟ್ಟಿದ್ದ. ಒಳಗೆ ಚಿನ್ನದ ಬಣ್ಣದ ಪುಟ್ಟ ಚಕ್ರವೊಂದು ಅತ್ತಿತ್ತ ಹೊರಳುತ್ತಿತ್ತು. ಯಾರೂ ಅದಕ್ಕೆ ಹೇಳುತ್ತಿರಲಿಲ್ಲ, ಯಾರೂ ನೆನಪಿಸುತ್ತಿರಲಿಲ್ಲ. ಬೆಳಿಗ್ಗೆ ಒಂದು ಸಲ ಕೀ ಕೊಟ್ಟರೆ ಮರುದಿನದವರೆಗೆ ಅದರಷ್ಟಕ್ಕೆ ಅದು ನಡೆಯುತ್ತದೆ. ತನ್ನ ಮನೆಯಲ್ಲಿ ತಾನು ತಳ್ಳದೆ ನಡೆಯುವ ವಸ್ತು ಯಾವುದು ಎಂದು ಸುಲೋಚನಾ ಯೋಚಿಸಿದಳು. ಒಂದೂ ಹೊಳೆಯಲಿಲ್ಲ. ಇಂಥದೊಂದನ್ನು ನಾನೇ ಮಾಡಬೇಕು ಎಂಬ ಆಸೆ ಅಲ್ಲೇ ಹುಟ್ಟಿತು.

ಗಂಡನ ಲ್ಯಾಪ್‌ಟಾಪು ಬಿಡುವಾಗಿದ್ದಾಗ ಇಂಟರ್ನೆಟ್ಟಿನಲ್ಲಿ ಓದಿದಳು. ಯಾವ್ಯಾವುದೋ ದೇಶದ ಗಂಡಸರು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಕೂತು ಬಿಡಿಭಾಗಗಳಿಂದ ಗಡಿಯಾರ ಕಟ್ಟಿ ಫೋಟೋ ಹಾಕುತ್ತಿದ್ದರು. "ಬೇಕಾದದ್ದು ಎರಡೇ: ಒಳ್ಳೆಯ ಚಿಮುಟ, ಅಡ್ಡಿಯಿಲ್ಲದ ಒಂದು ಗಂಟೆ" ಎಂದು ಒಬ್ಬ ಬರೆದಿದ್ದ. ಚಿಮುಟ ರಾಧಾಬಜಾರಿನಲ್ಲಿ ಸಿಕ್ಕಿತು.

ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಅವಳನ್ನು ಹೆಚ್ಚು ರೇಗಿಸುತ್ತಿದ್ದದ್ದು ಇದೇ. ಬೇಡವೆಂದಿದ್ದರೆ ಜಗಳವಾದರೂ ಆಡಬಹುದಿತ್ತು. "ಮಾಡು, ಯಾರು ಬೇಡ ಅಂದ್ರು?" ಎನ್ನುತ್ತಿದ್ದ ಹಯವದನ. ಅಂದು ಮುಗಿಸಿ, "ಅಂದ ಹಾಗೆ ನನ್ನ ನೀಲಿ ಅಂಗಿ?" ಎನ್ನುತ್ತಿದ್ದ. ಮಧ್ಯಾಹ್ನ ಕೂತರೆ ಅತ್ತೆಗೆ ಕಾಫಿಯ ಹೊತ್ತು. ಸಂಜೆ ಕೂತರೆ ಪ್ರತೀಕ್ಷಾಳ ಜಾಮಿಟ್ರಿ ಬಾಕ್ಸು. ಬೆಳಿಗ್ಗೆ ಕೂತರೆ ಗ್ಯಾಸಿನವನು, ಮೀನಿನವನು—ಈ ಮನೆಯಲ್ಲಿ ಮೀನು ತಿನ್ನುವುದಿಲ್ಲವೆಂದು ಅವನಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಹೊರಗೆ ಮೆಟ್ರೋ ಮಾರ್ಗವನ್ನು ಗರಿಯಾ ಬಡಾವಣೆಯ ಕಡೆಗೆ ಎಳೆಯುವ ಕಾಮಗಾರಿಯ ಧೂಳು; ಕಿಟಕಿ ತೆರೆದರೆ ಡಯಲಿನ ಮೇಲೆ ಸಿಮೆಂಟು. ಒಂದೊಂದು ಅಡ್ಡಿಯೂ ಅರ್ಧ ನಿಮಿಷದ್ದು. ಅರ್ಧ ನಿಮಿಷಕ್ಕೆ ಯಾರ ಮೇಲೆ ಕೂಗಾಡುವುದು?

ತಟ್ಟೆ ಬಿದ್ದ ವಾರವೇ ಮತ್ತೆ ರಾಧಾಬಜಾರಿಗೆ ಹೋದಳು. ಹಳೆಯದೊಂದು ಕೀ ಕೊಡುವ ಯಂತ್ರ, ಬಿಡಿಬಿಡಿಯಾಗಿ ಬಿಚ್ಚಿದ್ದು, ಬೇಕೆಂದಳು. "ಯಜಮಾನರನ್ನೇ ಕಳಿಸಿ ಬೌದಿ. ಅವರಿಗಾದ್ರೆ ತಿಳಿಸಿ ಹೇಳಬಹುದು," ಎಂದು ಅಂಗಡಿಯವನು ಹಿಂದಿಯಲ್ಲಿ ಹೇಳಿದ. ಅವರಿಗೆ ಬಾಗಿಲ ಹಿಂದಿನ ಟವೆಲೇ ತಿಳಿಯುವುದಿಲ್ಲ ಎಂಬ ಉತ್ತರ ನಾಲಿಗೆಯ ತುದಿಗೆ ಬಂತು. ಹಿಂದಿಯಲ್ಲಿ ಅಷ್ಟು ಚುರುಕಾಗಿ ಹೊರಬೀಳಲಿಲ್ಲ. "ನನಗೇ ಹೇಳಿ," ಎಂದಷ್ಟೇ ಅಂದಳು.

ದಾರಿ ಸಿಕ್ಕಿದ್ದು ಏಕಾದಶಿಯ ಮರುದಿನ. ಅಂದು ಪಾರಣೆ. ಸುಲೋಚನಾ ಸ್ನಾನ ಮಾಡಿ ಮಡಿಯುಟ್ಟು ಅಡಿಗೆಗೆ ನಿಂತಿದ್ದಳು. ಹಯವದನ ಕಾಲುಚೀಲ ಕೇಳಲು ಅಡಿಗೆಮನೆಯ ತನಕ ಬಂದವನು ಅವಳ ಒದ್ದೆ ಸೀರೆಯನ್ನು ನೋಡಿ ಹೊಸಿಲಾಚೆಯೇ ನಿಂತ. ನಿಂತವನು ಹಾಗೇ ತಿರುಗಿದ. ಪ್ರತೀಕ್ಷಾ ಓಡಿಬಂದಾಗ, "ಏಯ್, ಅಮ್ಮ ಮಡೀಲಿದಾಳೆ. ಹತ್ತಿರ ಹೋಗಬೇಡ, ಮಾತಾಡಿಸಬೇಡ," ಎಂದು ಇಂದಿರಮ್ಮ ತಡೆದರು. ಅರ್ಧ ಗಂಟೆ ಯಾರೂ ಅವಳನ್ನು ಏನೂ ಕೇಳಲಿಲ್ಲ. ಕಾಲುಚೀಲ ಕೂಡ ತಾನಾಗಿಯೇ ಸಿಕ್ಕಿತು.

ಸುಲೋಚನಾ ಸೌಟು ಹಿಡಿದು ನಿಂತಲ್ಲೇ ನಿಂತಳು. ಈ ಮನೆ ಎರಡಕ್ಕೆ ಮಾತ್ರ ಬಾಯಿ ಮುಚ್ಚುತ್ತದೆ: ಗಂಡನ ಸಿಡ್ನಿ ಕಾಲ್‌ಗೆ, ದೇವರಿಗೆ. ಸಿಡ್ನಿ ಅವಳ ಕೈಗೆ ಸಿಗುವಂಥದಲ್ಲ.

ಆ ಸಂಜೆಯೇ ಅತ್ತೆಗೆ ಹೇಳಿದಳು: "ರಾಯರಿಗೆ ಹೇಳ್ಕೊಂಡಿದೀನಿ ಅತ್ತೆ. ಒಂಬತ್ತು ಗುರುವಾರ. ಬೆಳಿಗ್ಗೆ ಮಡೀಲಿ, ಮೌನವಾಗಿ, ದೇವರ ಕೋಣೆ ಬಾಗಿಲು ಹಾಕ್ಕೊಂಡು ಜಪ."

ಇಂದಿರಮ್ಮನ ಮುಖ ಅರಳಿತು. ಏಕೆ, ಯಾರಿಗಾಗಿ ಎಂದು ಅವರು ಕೇಳಲಿಲ್ಲ. ಹೆಂಗಸು ವ್ರತ ಹಿಡಿದರೆ ಯಾರಿಗಾಗಿ ಎಂದು ಕೇಳುವ ಪದ್ಧತಿಯೇ ಆ ಮನೆಯಲ್ಲಿ ಇರಲಿಲ್ಲ.

ದೇವರ ಕೋಣೆಯೆಂದರೆ ಅಡಿಗೆಮನೆಗೆ ಅಂಟಿಕೊಂಡ ಉಗ್ರಾಣ. ಕಟ್ಟಿಸಿದ ಬಂಗಾಳಿ ಮಾಲೀಕ ಅದನ್ನು ಅಕ್ಕಿ ಮೂಟೆಗೆಂದು ಮಾಡಿಸಿದ್ದ. ಮೊದಲ ಗುರುವಾರ ಬಾಗಿಲು ಹಾಕಿಕೊಂಡು ಕೂತಾಗ ಸುಲೋಚನಾಗೆ ನಗು ಬಂತು. ಗಡಿಯಾರ ಕಟ್ಟುವುದಕ್ಕೆ ಹೇಳಿ ಮಾಡಿಸಿದಂಥ ಜಾಗ. ದೀಪ ಆರಬಾರದೆಂದು ಅಲ್ಲಿ ಫ್ಯಾನು ಹಾಕಿಸಿರಲಿಲ್ಲ, ಧೂಳು ಏಳುವಂತಿಲ್ಲ. ಪೂರ್ವದ ಸಣ್ಣ ಗಾಜಿನ ಕಿಟಕಿಯಿಂದ ನೇರ ಬೆಳಕು. ಉಟ್ಟದ್ದು ಮಡಿರೇಷ್ಮೆ, ನೂಲಿನ ಸೀರೆಯಂತೆ ಎಳೆ ಉದುರುವುದಿಲ್ಲ. ಕೈ ತೊಳೆದದ್ದು. ಮಣೆ ತಿರುಗಿಸಿಟ್ಟರೆ ಮೇಜು. ಇಂಟರ್ನೆಟ್ಟಿನ ಗಂಡಸರು ಎಷ್ಟೋ ದುಡ್ಡು ಸುರಿದು ಮಾಡಿಕೊಂಡಿದ್ದ ಏರ್ಪಾಟು, ಅವಳ ಉಗ್ರಾಣದಲ್ಲಿ ರಾಯರ ಪಟದ ಎದುರಿಗೆ ತಾನಾಗಿ ಇತ್ತು.

ಪಟಕ್ಕೆ ಕೈಮುಗಿದು, ಬುಟ್ಟಿಯ ಹೂವಿನ ಅಡಿಯಿಂದ ಬಿಡಿಭಾಗಗಳ ಡಬ್ಬಿ ತೆಗೆದು ತೋರಿಸಿದಳು. "ಇದು," ಎಂದಳು ಮೆಲ್ಲಗೆ. ಆಮೇಲೆ ಭೂತಗನ್ನಡಿ ಕಣ್ಣಿಗೇರಿಸಿದಳು.

ಹೊರಗೆ ಗ್ಯಾಸಿನವನು ಬಂದ. "ಆಮೇಲೆ ಬಾ, ಪೂಜೆ," ಎಂದರು ಇಂದಿರಮ್ಮ ತಮಗೆ ತಿಳಿದ ಹಿಂದಿಯಲ್ಲಿ. ಫೋನು ಬಡಿದುಕೊಂಡಿತು; ಯಾರೋ ಎತ್ತಿದರು. ಎತ್ತಬಲ್ಲವರು ಮನೆಯಲ್ಲಿ ಇದ್ದರೆಂದಾಯಿತು.

ಗುರುವಾರದಿಂದ ಗುರುವಾರಕ್ಕೆ ಚಕ್ರಗಳು ಒಂದೊಂದಾಗಿ ಕೂತವು. ನಾಲ್ಕನೆಯದೋ ಐದನೆಯದೋ ಗುರುವಾರ ತೂಗುಚಕ್ರ ಇಳಿಸಿ ಸ್ಕ್ರೂ ಬಿಗಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಎತ್ತಿ, ಒಂದಿಷ್ಟು ಓರೆ ಮಾಡಿ ಇಳಿಸಿದಳು. ಚಕ್ರ ಒಮ್ಮೆ ಅನುಮಾನಿಸಿದಂತೆ ಮಾಡಿ ಹೊರಳಿತು, ಹೊರಳಿ ಹಿಂದೆ ಬಂತು, ಮತ್ತೆ ಹೋಯಿತು. ಸುಲೋಚನಾಳ ಕಣ್ಣಲ್ಲಿ ನೀರು ಬಂದು ಭೂತಗನ್ನಡಿ ಮಂಜಾಯಿತು. ಪ್ರತೀಕ್ಷಾ ಹುಟ್ಟಿದಾಗಲೂ ಸುತ್ತ ಅಷ್ಟು ಜನರಿದ್ದರು. ಈ ನಿಶ್ಶಬ್ದ ಅವಳಿಗೆ ಆಗ ಸಿಕ್ಕಿರಲಿಲ್ಲ.

ಅದೇ ಗಳಿಗೆಯಲ್ಲಿ ಬಾಗಿಲು ತೆರೆಯಿತು. ಚಿಲಕ ಹಾಕಲು ಮರೆತಿದ್ದಳು. ಶಾಲೆಗೆ ರಜೆಯಿದ್ದ ಪ್ರತೀಕ್ಷಾ.

"ಮಾ," ಎಂದಳು ಹುಡುಗಿ, ಬಾಗಿಲನ್ನು ಬೆನ್ನಿಂದ ಒತ್ತಿ ಮುಚ್ಚಿ. ಗಡಿಯಾರಕ್ಕೂ ದೇವರ ಕೋಣೆಗೂ ಅವಳ ಬಾಯಿಗೆ ಮೊದಲು ಬರುತ್ತಿದ್ದದ್ದು ಶಾಲೆಯ ಬಂಗಾಳಿಯೇ. "ಯೂ ಆರ್ ಮೇಕಿಂಗ್ ಘೊಡಿ? ಠಾಕೂರ್ ಘರ್‌ನಲ್ಲಿ?"

ಮೌನವ್ರತದವಳು ಬೆರಳನ್ನು ತುಟಿಯ ಮೇಲಿಟ್ಟಳು.

ಪ್ರತೀಕ್ಷಾ ಕುಕ್ಕರಗಾಲಲ್ಲಿ ಕೂತು ಚಕ್ರವನ್ನೇ ನೋಡಿದಳು. "ಸೋ ಅಜ್ಜಿಗೆ ಲೈ ಹೇಳಿದ್ದು. ಸೂಪರ್. ನನಗೂ ಮ್ಯಾಥ್ಸ್ ಎಕ್ಸಾಮ್ ಬಿಫೋರ್ ಒಂದು ವ್ರತ ಕೊಡಿಸು, ಆಗ ಅಜ್ಜಿ ನನ್ನ ಅಂಗಡಿಗೆ ಕಳಿಸಲ್ಲ." ಎದ್ದು ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ಹೊರಗೆ ಅಜ್ಜಿ ಗದರಿದ್ದಕ್ಕೆ, "ನಥಿಂಗ್ ಅಜ್ಜಿ, ಮಾ ಫುಲ್ ಡೀಪ್ ಧ್ಯಾನದಲ್ಲಿ," ಎಂದದ್ದು ಕೇಳಿಸಿತು.

ಸುಲೋಚನಾ ಎಣಿಸದೆ ಹೋದದ್ದು ಒಂದೇ. ವ್ರತಕ್ಕೂ ಕೆಲಸ ಹುಟ್ಟಿಸುವ ಶಕ್ತಿ ಇದೆ.

ಇಂದಿರಮ್ಮ ಮೊದಲು ನಂಜನಗೂಡಿಗೆ ಫೋನು ಮಾಡಿ ತಂಗಿಗೆ ಹೇಳಿದರು. ಆಮೇಲೆ ಸದರ್ನ್ ಅವೆನ್ಯೂವಿನ ರಾಜಲಕ್ಷ್ಮಿಗೆ ಹೇಳಿದರು. ರೈಲ್ವೆ ಅಧಿಕಾರಿಯ ಹೆಂಡತಿಯಾದ ರಾಜಲಕ್ಷ್ಮಿಗೆ ಹೇಳಿದರೆಂದರೆ ಕೊಲ್ಕತ್ತದ ಕನ್ನಡದವರಿಗೆಲ್ಲ ಹೇಳಿದಂತೆ. ಗುರುವಾರ ಮಧ್ಯಾಹ್ನ ಮಂತ್ರಾಕ್ಷತೆಗೆ ಒಬ್ಬಿಬ್ಬರು ಬರತೊಡಗಿದರು. ಬಂದವರಿಗೆ ಬರೀ ಅಕ್ಷತೆ ಕೊಟ್ಟು ಕಳಿಸುವುದುಂಟೇ? ಅವಲಕ್ಕಿ, ಕಾಫಿ. ಒಂದು ಗಂಟೆ ಉಳಿಸಲು ಹೂಡಿದ ವ್ರತ ಎರಡು ಗಂಟೆ ತಿನ್ನತೊಡಗಿತು.

ಏಳನೆಯ ವಾರ ಹಯವದನ ಸಿಹಿ ಹಿಡಿದುಕೊಂಡು ಬಂದ. ಡೆಲಿವರಿ ಮ್ಯಾನೇಜರ್ ಆಗುವುದು ಬಹುತೇಕ ಖಚಿತ, ಕಾಗದ ಬರುವುದೊಂದೇ ಬಾಕಿ ಎಂದ. ತಾಯಿಯ ಕಾಲಿಗೆ ಬಿದ್ದ.

"ನನ್ನ ಕಾಲಿಗಲ್ಲಪ್ಪಾ," ಎಂದರು ಇಂದಿರಮ್ಮ ಕಣ್ಣೊರೆಸಿಕೊಂಡು. "ಒಳಗೆ ಬಾಗಿಲು ಹಾಕ್ಕೊಂಡು ಕೂತಳಲ್ಲ ನಿನಗೋಸ್ಕರ, ಅವಳಿಗೆ ಹೇಳು."

ಹಯವದನ ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಎಂದೂ ಇಲ್ಲದ ಮೃದುತನವಿತ್ತು. "ಒಂದು ಮಾತೂ ಹೇಳಲಿಲ್ಲವಲ್ಲೇ ನೀನು," ಎಂದ. ಸುಲೋಚನಾ ಅವನು ತಂದ ಸಿಹಿಯ, ಬಂಗಾಳಿ ಸಂದೇಶ್‌ನ, ಪೊಟ್ಟಣ ಬಿಚ್ಚುತ್ತಿದ್ದಳು. ಈಗ ಏನು ಹೇಳಿದರೂ ತಪ್ಪಾಗುತ್ತಿತ್ತು. ಬಾಯಿಗೊಂದು ಸಂದೇಶ್ ಹಾಕಿಕೊಂಡಳು.

ಆ ನೋಟದ ಬೆಲೆ ಮರುದಿನ ತಿಳಿಯಿತು. ಒಂಬತ್ತನೆಯ ಗುರುವಾರ ಉದ್ಯಾಪನೆ ಎಂದು ಇಂದಿರಮ್ಮ ಸಾರಿದರು. ಇಪ್ಪತ್ತು ಜನಕ್ಕೆ ಊಟ. ಕೋಸಂಬರಿ, ಎರಡು ಪಲ್ಯ, ಹುಳಿ, ಚಿತ್ರಾನ್ನ, ಹಯಗ್ರೀವ. ಮಡಿ ಅಡಿಗೆಯಾದ್ದರಿಂದ ಹೊರಗಿನಿಂದ ತರಿಸುವಂತಿಲ್ಲ, ಮಾಶಿ ಕೈ ಹಾಕುವಂತಿಲ್ಲ. ಯಾರು ಮಾಡಬೇಕೆಂಬ ಮಾತೇ ಏಳಲಿಲ್ಲ.

ಗಡಿಯಾರದಲ್ಲಿ ಉಳಿದಿದ್ದದ್ದು ಮೂರು ಮುಳ್ಳು, ಕೇಸು, ಗಾಜು. ಒಂಬತ್ತನೆಯ ಗುರುವಾರದ ಆ ಒಂದು ಗಂಟೆಯನ್ನೇ ಅವಳು ನಂಬಿಕೊಂಡಿದ್ದಳು. ಅದಾದ ಮೇಲೆ ವ್ರತವಿಲ್ಲ, ಬಾಗಿಲಿಲ್ಲ. ಊಟದ ಮೇಜು, ಫ್ಯಾನು, ಕೂಗು. ಬೇಗ ಎದ್ದು ತರಕಾರಿ ಹೆಚ್ಚಿಟ್ಟಳು, ಬೇಳೆ ತೊಳೆದಿಟ್ಟಳು, ಸ್ನಾನ ಮಾಡಿ ಮಡಿಯುಟ್ಟು ಹೂಬುಟ್ಟಿ ಎತ್ತಿಕೊಂಡಳು.

"ಇವತ್ತು ಜಪ ಐದು ನಿಮಿಷ ಸಾಕು," ಎಂದರು ಇಂದಿರಮ್ಮ. "ಅಡಿಗೇನೇ ಸೇವೆ ಅಂದ್ಕೋ. ರಾಯರು ತಪ್ಪು ತಿಳಿಯಲ್ಲ."

"ಹೌದು ಸುಲೂ," ಎಂದ ಹಯವದನ, ರಜೆ ಹಾಕಿ ಪೇಪರು ಓದುತ್ತ. "ಐದು ನಿಮಿಷ ಕೂತು ಬಂದ್ಬಿಡು."

ಅವಳ ವ್ರತವನ್ನು ಅವರಿಬ್ಬರೇ ಕತ್ತರಿಸಿ ಅಳತೆ ಮಾಡಿದ್ದರು. ದೇವರಿಗೆ ಮೀಸಲಿಟ್ಟ ಹೊತ್ತನ್ನೂ ಒಲೆಯ ಮುಂದೆ ತಂದು ನಿಲ್ಲಿಸುವುದು ಎಷ್ಟು ಸಲೀಸು ಎಂದು ಸುಲೋಚನಾ ನೋಡಿದಳು. ಒಳಗೆ ಹೋದಳು. ಚಿಲಕ ಹಾಕಿದಳು.

ಗಂಟೆಯ ಮುಳ್ಳು ಕೂರಿಸಿದಳು. ನಿಮಿಷದ ಮುಳ್ಳು ಕೈಗೆತ್ತಿಕೊಳ್ಳುವಾಗ ಹೊರಗೆ ಕುರ್ಚಿ ಎಳೆದ ಸದ್ದು.

"ಏನೋ, ಇನ್ನೂ ಬರಲಿಲ್ಲವಲ್ಲೋ."

"ಬಾಗಿಲು ತಟ್ಲಾ ಅಮ್ಮ?"

"ಥೂ, ಬೇಡ. ಕೊನೇ ದಿನ, ಮೌನ ಮುರೀಬಾರದು. ಕಾಗದ ಇನ್ನೂ ಬಂದಿಲ್ಲ ನಿಂಗೆ."

ಕಾಗದದ ಮಾತಿಗೆ ಹಯವದನ ಮತ್ತೆ ಕುರ್ಚಿಗೆ ಕೂತ ಸದ್ದಾಯಿತು. ಸುಲೋಚನಾ ಚಿಮುಟ ಹಿಡಿದಲ್ಲೇ ಆಲಿಸಿದಳು. ತಾನು ಹೇಳಿದ ಸುಳ್ಳು ಈಗ ಅವರ ಕಾಲಿಗೇ ಸುತ್ತಿಕೊಂಡಿತ್ತು.

ಇನ್ನಷ್ಟು ಹೊತ್ತು ಕಳೆಯಿತು. "ಹನ್ನೆರಡಕ್ಕೆ ಜನ ಬಂದ್ಬಿಡ್ತಾರೆ. ನನ್ನ ಮಂಡಿಯಂತೂ ನಿಲ್ಲಕ್ಕೆ ಬಿಡಲ್ಲ," ಎಂದರು ಇಂದಿರಮ್ಮ. "ಹೋಗು, ನೀರು ಹಾಕ್ಕೊಂಡು ಮಡಿ ಉಟ್ಕೊಂಡು ಬಾ."

"ನಾನಾ?"

"ಇನ್ನ್ಯಾರು, ನಿನ್ನ ಸಿಡ್ನಿಯವರಾ? ನಿಮ್ಮ ತಾತ ಮಠದಲ್ಲಿ ಐನೂರು ಎಲೆಗೆ ಅಡಿಗೆ ಮಾಡ್ತಿದ್ದರು. ನಿಂಗೆ ಇಪ್ಪತ್ತು ಎಲೆಗೆ ಅನ್ನ ಇಡಕ್ಕೆ ಬರಲ್ಲವಾ? ನಾನು ಇಲ್ಲಿ ಕೂತ್ಕೊಂಡು ಹೇಳ್ತೀನಿ, ನೀನು ಮಾಡು."

ಬಾಗಿಲೊಳಗೆ ಸುಲೋಚನಾ ಹಲ್ಲು ಕಚ್ಚಿದಳು. ಈ ವಂಶದಲ್ಲಿ ಅಡಿಗೆ ಬಲ್ಲ ಗಂಡಸರಿದ್ದರೆಂಬ ವಿಷಯ ಇಷ್ಟು ವರ್ಷ ಒಬ್ಬರೂ ಬಾಯಿಬಿಟ್ಟಿರಲಿಲ್ಲ.

ಆಮೇಲಿನದೆಲ್ಲ ಕಿವಿಯ ಶಿಕ್ಷೆ. ಪಾತ್ರೆ ಉರುಳಿತು. "ಸಾಸಿವೆ ಎಲ್ಲಿ?" "ಡಬ್ಬೀಲಿ." "ಯಾವ ಡಬ್ಬಿ?" ಎಣ್ಣೆ ಹೆಚ್ಚು ಕಾದ ವಾಸನೆ ಬಂತು, ಒಗ್ಗರಣೆ ಸೀಯುತ್ತಿದೆ ಎಂದು ಅವಳ ಕಾಲುಗಳು ತಾವಾಗಿ ಮಡಿಚಿ ಏಳಲು ಸಿದ್ಧವಾದವು. ಮಣೆಯನ್ನು ಎರಡೂ ಮಂಡಿಗಳಿಂದ ಅದುಮಿ ಹಿಡಿದಳು. ಕುಕ್ಕರು ಕೂಗಿತು. ಮತ್ತೆ ಕೂಗಿತು. ಯಾರೂ ಅದನ್ನು ಎತ್ತಿ ಹಿಡಿಯಲಿಲ್ಲ. ಅದು ತನ್ನ ಪಾಡಿಗೆ ತಾನು ಕೂಗಿಕೊಂಡಿತು. ಬೇರೆಯವರಿಂದ ಗಂಟೆ ಕಿತ್ತುಕೊಳ್ಳುವುದು ಒಂದು, ತನ್ನ ಮೈಯಿಂದಲೇ ಕಿತ್ತುಕೊಳ್ಳುವುದು ಇನ್ನೊಂದು ಎಂದು ಅವಳಿಗೆ ಆಗ ಗೊತ್ತಾಯಿತು. ಎರಡನೆಯದೇ ಕಷ್ಟ. ಸೆಕೆಂಡಿನ ಮುಳ್ಳು ಎರಡು ಸಲ ಜಾರಿತು, ಆದರೆ ಡಯಲಿನ ಮೇಲೇ ಬಿತ್ತು. ಮೂರನೆಯ ಸಲ, "ಅಯ್ಯೋ ತಳ ಹತ್ತಿತಲ್ಲೋ" ಎಂಬ ಕೂಗು ಬಂದಾಗ, ಅವಳ ಕೈ ಅಲುಗಲಿಲ್ಲ. ಮುಳ್ಳು ಮೊಳೆಗೆ ಕೂತಿತು. ಚೂರೇ ಚೂರು ಒತ್ತಿದಳು. ಅದು ನಡೆಯಿತು.

ಕೇಸಿಗೆ ಇಳಿಸಿ, ಗಾಜು ಒರೆಸಿ, ಬೆನ್ನು ಮುಚ್ಚಿ, ಪಟ್ಟಿ ಹಾಕಿ ಕೈಗೆ ಕಟ್ಟಿಕೊಂಡಳು. ಹೊರಬಂದಾಗ ಕರೆದವರೆಲ್ಲ ಬಂದು ಕೂತಿದ್ದರು.

ಹಯವದನ ಸೊಂಟಕ್ಕೆ ಪಂಚೆ ಬಿಗಿದು ಬಡಿಸುತ್ತಿದ್ದ. ಮುಖ ಕೆಂಪಾಗಿತ್ತು, ಮುಂಗೈ ಮೇಲೆ ಎಣ್ಣೆ ಸಿಡಿದ ಕಲೆ. ಹುಳಿಗೆ ಉಪ್ಪಿಲ್ಲ. ಅನ್ನ ಮುದ್ದೆ. ಹಯಗ್ರೀವ ತಳ ಹತ್ತಿ ಕಪ್ಪು ಮಚ್ಚೆಗಳಾಗಿದ್ದವು. ಎಲ್ಲರೂ ಬಾಯಿ ತುಂಬ ಹೊಗಳಿ ಉಣ್ಣುತ್ತಿದ್ದರು.

"ಹಯವದನ ಅವರೇ ಮಾಡಿದ್ದಂತೆ!" ರಾಜಲಕ್ಷ್ಮಿ ಎಲೆಯ ಮುಂದಿನಿಂದಲೇ ಕೂಗಿದಳು. "ಬಾಮ್ಮಾ ಸುಲೋಚನಾ. ಎಷ್ಟು ಪುಣ್ಯ ಮಾಡಿದ್ದೆ ನೀನು. ನಮ್ಮನೆಯವರು ಒಂದು ಲೋಟ ನೀರು ಬಗ್ಗಿಸಿಕೊಳ್ಳಲ್ಲ. ಇವರನ್ನ ನೋಡು, ಹೆಂಡತಿ ಜಪಕ್ಕೆ ಕೂತಳು ಅಂತ ಇಡೀ ಅಡಿಗೆ ಮಾಡಿದಾರೆ."

"ಉಪ್ಪಿಲ್ಲದಿದ್ದರೂ ಅದೇನು ರುಚಿ," ಎಂದರು ಇನ್ನೊಬ್ಬರು. ಹಯವದನ ನಾಚಿ ನಕ್ಕ.

ಹದಿನೈದು ವರ್ಷ ಅವಳು ಮಾಡಿದ ಹುಳಿಯಲ್ಲಿ ಉಪ್ಪು ಒಂದು ಚಿಟಿಕೆ ಕಡಿಮೆಯಾದರೆ ಲೋಟ ಕುಟ್ಟಿ ಹೇಳುತ್ತಿದ್ದ ಮನೆ ಇದು. ಸುಲೋಚನಾಳ ತಾಳ್ಮೆ ಅಲ್ಲಿಗೆ ಮುಗಿಯಿತು.

"ನಾನು ಜಪ ಮಾಡಲಿಲ್ಲ," ಎಂದಳು.

"ಅಂದ್ರೆ?" ರಾಜಲಕ್ಷ್ಮಿಯ ತುತ್ತು ನಡುದಾರಿಯಲ್ಲಿ ನಿಂತಿತು.

"ಗಡಿಯಾರ ಕಟ್ಟಿದೆ. ಒಂಬತ್ತು ಗುರುವಾರಾನೂ. ಇದು." ಮುಂಗೈ ಚಾಚಿದಳು. ಬಿಳಿಯ ಡಯಲು, ನೀಲಿ ಮುಳ್ಳುಗಳು. "ಇಲ್ಲಿ ಕೂತು ಮಾಡಕ್ಕೆ ಯಾರೂ ಬಿಡಲಿಲ್ಲ. ದೇವರ ಹೆಸರು ಹೇಳಿದರೆ ಬಿಡ್ತೀರಿ ಅಂತ ಹೇಳಿದೆ."

ಪ್ರತೀಕ್ಷಾ ಹಪ್ಪಳ ಕಡಿದ ಸದ್ದಾಯಿತು.

"ರಾಯರ ಎದುರಿಗೆ ಕೂತು ಸುಳ್ಳು ಹೇಳಿದೆಯಾ?" ಎಂದರು ಇಂದಿರಮ್ಮ.

"ರಾಯರಿಗೆ ಹೇಳಲಿಲ್ಲ ಅತ್ತೆ. ಅವರಿಗೆ ಮೊದಲನೇ ದಿನಾನೇ ತೋರಿಸಿದೀನಿ. ಸುಳ್ಳು ಹೇಳಿದ್ದು ನಿಮಗೆ."

ಹಯವದನ ಹುಳಿಯ ಪಾತ್ರೆ ಕೆಳಗಿಟ್ಟ. "ಹಾಗಾದ್ರೆ ನನ್ನ ಪ್ರಮೋಷನ್ನು?"

"ಅದು ನೀವು ದುಡಿದದ್ದು. ನನಗೂ ಅದಕ್ಕೂ ಏನೂ ಸಂಬಂಧವಿಲ್ಲ."

"ನನಗೋಸ್ಕರ ಅಂತ ಅಂದ್ಕೊಂಡಿದ್ದೆ ನಾನು."

"ಯಾರಿಗೋಸ್ಕರ ಅಂತ ನೀವು ಕೇಳಲಿಲ್ಲ."

ರಾಜಲಕ್ಷ್ಮಿ ಬೇಗ ಬೇಗ ಮಜ್ಜಿಗೆ ಅನ್ನ ಮುಗಿಸಿದಳು. ಹೊರಡುವಾಗ ಮೆಟ್ಟಿಲ ಬಳಿ ಮಾತ್ರ ಸುಲೋಚನಾಳ ಮುಂಗೈ ಹಿಡಿದು ಗಡಿಯಾರವನ್ನು ಓರೆ ಮಾಡಿ ನೋಡಿದಳು. "ಸರಿಯಾದ ಟೈಮ್ ತೋರಿಸುತ್ತಾ?" ಎಂದಳು.

"ಸ್ವಲ್ಪ ಮುಂದೆ ಓಡುತ್ತೆ. ಸರಿಮಾಡಬೇಕು."

"ಹೂಂ," ಎಂದು ರಾಜಲಕ್ಷ್ಮಿ ಇಳಿದುಹೋದಳು. ಮೆಚ್ಚಿದಳೋ ಹೀಗಳೆದಳೋ ತಿಳಿಯಲಿಲ್ಲ.

ಬಡ್ತಿಯ ಕಾಗದ ಸೋಮವಾರ ಬಂತು. ಹಯವದನ ಅದನ್ನು ಊಟದ ಮೇಜಿನ ಮೇಲೆ ಬಹಳ ಹೊತ್ತು ಇಟ್ಟುಕೊಂಡು ನೋಡಿದ. ಈ ಸಲ ಯಾರ ಕಾಲಿಗೆ ಬೀಳಬೇಕೆಂದು ಅವನಿಗೆ ಹೊಳೆದಂತಿರಲಿಲ್ಲ. ಇಂದಿರಮ್ಮ ಸೊಸೆಯ ಜೊತೆ ಮಾತು ಬಿಟ್ಟರು. ಕಾಫಿ ಬೇಕಾದಾಗ ಗೋಡೆಯ ಕಡೆ ತಿರುಗಿ "ಮೂರಾಯಿತು" ಎನ್ನುತ್ತಿದ್ದರು.

ಮತ್ತೆ ಗುರುವಾರ ಬಂತು. ಸುಲೋಚನಾ ಸ್ನಾನ ಮಾಡಿ, ಸಾದಾ ಸೀರೆಯುಟ್ಟು, ರಾಯರಿಗೆ ದೀಪ ಹಚ್ಚಿ ಕೈಮುಗಿದಳು. ರಾಧಾಬಜಾರಿನಿಂದ ತಂದ ಇನ್ನೊಂದು ಬಿಡಿ ಯಂತ್ರದ ಪೊಟ್ಟಣವನ್ನು ಎಲ್ಲರ ಕಣ್ಣೆದುರೇ ಒಳಗೆ ಒಯ್ದಳು.

"ಇನ್ನೇನು ವ್ರತ ಇಲ್ಲವಲ್ಲ," ಎಂದ ಹಯವದನ.

"ಇಲ್ಲ. ಹತ್ತು ಗಂಟೆಗೆ ಬರ್ತೀನಿ."

ಚಿಲಕ ಹಾಕಿದಳು. ಪೊಟ್ಟಣ ಬಿಚ್ಚುತ್ತಿದ್ದ ಹಾಗೇ ಬಾಗಿಲು ಬಡಿಯಿತು. ಕಳೆದ ಒಂಬತ್ತು ವಾರ ಒಬ್ಬರೂ ಬಡಿದಿರಲಿಲ್ಲ. ಈಗ ಒಳಗಿರುವುದು ಸುಲೋಚನಾ ಒಬ್ಬಳೇ ಎಂದು ಎಲ್ಲರಿಗೂ ತಿಳಿದಿತ್ತು.

"ಸುಲೂ, ಇಸ್ತ್ರಿಗೆ ಕೊಟ್ಟ ಪ್ಯಾಂಟು ಬಂತಾ?"

ಉತ್ತರ ಅವಳಿಗೆ ಗೊತ್ತಿತ್ತು. ಬಂದಿದೆ, ಬೀರುವಿನ ಎಡಬದಿ, ಬೂದು ಅಂಗಿಯ ಕೆಳಗೆ. ಅದನ್ನು ನಾಲಿಗೆಯಲ್ಲೇ ಹಿಡಿದಿಟ್ಟಳು. ಮತ್ತೆ ಬಡಿತ. "ಸುಲೂ?" ಅವಳು ಮೊದಲ ಚಕ್ರವನ್ನು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಒಂದು ಹಲ್ಲಿನ ಸಂದಿಯಲ್ಲಿ ಹಳೆಯ ಎಣ್ಣೆ ಗಟ್ಟಿಯಾಗಿ ಕೂತಿತ್ತು. ಕಡ್ಡಿಯ ತುದಿಯಿಂದ ಅದನ್ನು ಕೆರೆಯತೊಡಗಿದಳು. ಹೊರಗೆ ಬೀರುವಿನ ಬಾಗಿಲು ತೆರೆದ ಸದ್ದಾಯಿತು, ಬಟ್ಟೆಗಳು ನೆಲಕ್ಕೆ ಬಿದ್ದ ಸದ್ದಾಯಿತು, ಗೊಣಗಾಟವಾಯಿತು. ಎಣ್ಣೆ ಇನ್ನೂ ಬಿಟ್ಟಿರಲಿಲ್ಲ. ಅವಳು ಚಕ್ರವನ್ನು ತಿರುಗಿಸಿ ಇನ್ನೊಂದು ಬದಿಯಿಂದ ಕೆರೆದಳು.